ಇಪ್ಪತ್ತೊಂಬತ್ತರಲ್ಲಿ ಪಾರ್ಶ್ವವಾಯು: ಎಂಟು ವರ್ಷಗಳ ಒಂದು ಪ್ರಕರಣ

2017ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ, ಬೆಂಗಳೂರಿನ ಹೊಂಗಸಂದ್ರದ ಹತ್ತಿರದ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟಿನಲ್ಲಿ ಕಾವಲುಗಾರ ಒಬ್ಬಳನ್ನು ತಡೆದು ಕೇಳಿದ: "ಅಕ್ಕಾ, ಇನ್ನೊಂದು ಚಪ್ಪಲಿ ಎಲ್ಲಿ?" ಆಕೆಯ ಬಲಗಾಲಿನಲ್ಲಿ ಮಾತ್ರ ಚಪ್ಪಲಿ ಇತ್ತು. ಗಾರ್ವೇಭಾವಿಪಾಳ್ಯದ ಮನೆಯಿಂದ ಕಲ್ಲು, ಕೆಸರು ತುಳಿದುಕೊಂಡು ಎಡಗಾಲು ಬರಿಗಾಲಾಗಿಯೇ ಬಂದಿತ್ತು. ಆಕೆ ಬಗ್ಗಿ ನೋಡಿ, "ಎರಡೂ ಇದೆಯಲ್ಲ" ಎಂದಳಂತೆ. ಒಳಗೆ ಹೋಗುವಾಗ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. ಅದಕ್ಕೂ ತಿರುಗಿ ನೋಡಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಹೆದರಿ, ಆಟೊ ಹತ್ತಿಸಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದಳು.

ಅಲ್ಲಿ ಕೈ ಎತ್ತಲು ಹೇಳಿದರು, ಎರಡೂ ಕೈ ಎತ್ತಿದಳು. ನಗಲು ಹೇಳಿದರು, ಬಾಯಿ ಸೊಟ್ಟಗಾಗಲಿಲ್ಲ. ಮಾತು ಸ್ಪಷ್ಟವಾಗಿತ್ತು. ವಯಸ್ಸು ಇಪ್ಪತ್ತೊಂಬತ್ತು. ತಿಂಡಿ ತಿನ್ನದೆ ಬಂದು ಬಿ.ಪಿ. ಇಳಿದಿದೆ ಎಂದು ಗ್ಲೂಕೋಸ್ ಏರಿಸಿ ಮಲಗಿಸಿದರು. ಮಧ್ಯಾಹ್ನ ಗಂಡ ಬಂದು ಎಡಪಕ್ಕದಲ್ಲಿ ಕುಳಿತು ಮಾತನಾಡಿಸಿದರೆ ಆಕೆ ಬಲಕ್ಕೆ ತಿರುಗಿ ಉತ್ತರಿಸುತ್ತಿದ್ದಳು. ಎಲ್ಲಿಂದಲೋ ದನಿ ಬರುತ್ತಿದೆ ಎಂಬಂತೆ ಆ ಕಡೆಯೇ ಹುಡುಕುತ್ತಿದ್ದಳು. ಆಗಲೇ ಯಾರಿಗೋ ಸಂಶಯ ಬಂದದ್ದು. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಗುವಾಗ ಗಂಟೆ ಮೂರು. ಆಕೆ ಸರಿಯಾಗಿದ್ದದ್ದನ್ನು ಮನೆಯವರು ಕೊನೆಯದಾಗಿ ನೋಡಿದ್ದು ಬೆಳಗಿನ ಆರಕ್ಕೆ. ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಕೊಡಬಹುದಾದ ನಾಲ್ಕೂವರೆ ಗಂಟೆಯ ಅವಧಿ ದಾಟಿಹೋಗಿತ್ತು.

ನಾನು ಆ ಭಾಗದಲ್ಲಿ ಸಣ್ಣ ಕ್ಲಿನಿಕ್ ನಡೆಸುವ ವೈದ್ಯ. ಆಕೆಯ ಒಪ್ಪಿಗೆ ಪಡೆದು, ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಚಿಕ್ಕ ವಯಸ್ಸಿನಲ್ಲಿ ಪಾರ್ಶ್ವವಾಯುವಾದವರ ಬಗ್ಗೆ ನಮ್ಮ ಮಾತೆಲ್ಲ ಮೊದಲ ಕೆಲವು ಗಂಟೆಗಳ ಸುತ್ತಲೇ ಸುತ್ತುತ್ತದೆ. ಆ ಗಂಟೆಗಳಿಗೆ ಬೆಲೆ ಕಟ್ಟಲಾಗದು, ನಿಜ. ಆದರೆ ಎಪ್ಪತ್ತರಲ್ಲಿ ಲಕ್ವ ಹೊಡೆದವರಿಗೆ ಅದರೊಂದಿಗೆ ಹತ್ತು ವರ್ಷ ಬಾಳಬೇಕಾದರೆ, ಇಪ್ಪತ್ತೊಂಬತ್ತರಲ್ಲಿ ಹೊಡೆದವಳಿಗೆ ನಲವತ್ತು ವರ್ಷ ಬಾಳಬೇಕು. ಆ ನಲವತ್ತು ವರ್ಷಗಳ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ಸ್ಕ್ಯಾನಿನಲ್ಲಿ ಕಂಡದ್ದು ಮಿದುಳಿನ ಬಲಭಾಗದ ಮಧ್ಯ ಅಪಧಮನಿಯ ಕೆಳಕವಲಿನಲ್ಲಿ ಸಿಕ್ಕಿಕೊಂಡ ಹೆಪ್ಪು. ಮೇಲಿನ ಕವಲು ಮುಚ್ಚಿದ್ದರೆ ಎಡಗೈ ಸೋತು ಜೋತುಬೀಳುತ್ತಿತ್ತು, ಯಾರಿಗಾದರೂ ತಿಳಿಯುತ್ತಿತ್ತು. ಕೆಳಕವಲು ರಕ್ತ ಕೊಡುವುದು ಸ್ಪರ್ಶವನ್ನು ಅರ್ಥ ಮಾಡಿಕೊಳ್ಳುವ, ಸುತ್ತಲಿನ ಜಾಗವನ್ನು ಗಮನಿಸುವ ಭಾಗಗಳಿಗೆ. ಅಲ್ಲಿ ಪೆಟ್ಟು ಬಿದ್ದರೆ ಬಲ ಉಳಿಯುತ್ತದೆ, ಆದರೆ ಎಡಗಡೆಯ ಜಗತ್ತೇ ಗಮನದಿಂದ ಜಾರಿಹೋಗುತ್ತದೆ. ಜಾರಿಹೋಗಿದೆ ಎಂಬ ಅರಿವೂ ರೋಗಿಗೆ ಇರುವುದಿಲ್ಲ. ಇಂಥವರು "ನನಗೇನೂ ಆಗಿಲ್ಲ" ಎಂದು ನಂಬಿಕೆಯಿಂದಲೇ ಹೇಳುತ್ತಾರೆ. ಮುಖ, ಕೈ, ಮಾತು ನೋಡಿ ಎಂದು ನಾವು ಜನರಿಗೆ ಕಲಿಸುವ ಪಾಠದಲ್ಲಿ ಒಂಟಿ ಚಪ್ಪಲಿ ಇಲ್ಲ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಹಿಂದಿನ ವರ್ಷ ಆಕೆ ಎರಡು ಸಲ ನನ್ನ ಬಳಿ ಬಂದಿದ್ದಳು. ಮೂರನೆಯ ಮಹಡಿಯ ಲೈನಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಒಮ್ಮೊಮ್ಮೆ ಎದೆ ಡವಡವ. ಕಣ್ಣ ರೆಪ್ಪೆ ಬಿಳಿಚಿತ್ತು. ಹಿಮೋಗ್ಲೋಬಿನ್ 9 ಇತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ದಿನನಿತ್ಯದ ಮಾತು. ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಎದೆಯ ಮೇಲೆ ಸ್ಟೆತಸ್ಕೋಪ್ ಇಟ್ಟೆ, ಆದರೆ ಕುಳಿತವಳ ಎದೆಯ ಮೇಲೆ, ಸೀರೆಯ ಮೇಲಿನಿಂದ, ಅವಸರದಲ್ಲಿ. ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾದಾಗ ಬರುವ ಗುಡುಗಿನಂಥ ಮಂದ್ರ ಸದ್ದು ಹಾಗೆ ಕೇಳಿಸುವುದಿಲ್ಲ. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಸ್ಟೆತಸ್ಕೋಪಿನ ಗಂಟೆಯಾಕಾರದ ಬದಿಯನ್ನು ಹಗುರವಾಗಿ ಇಟ್ಟು, ಒಂದು ನಿಮಿಷ ಸುಮ್ಮನೆ ಕೇಳಬೇಕು. ಆ ಒಂದು ನಿಮಿಷವನ್ನು ನಾನು ಕೊಡಲಿಲ್ಲ.

ಆಸ್ಪತ್ರೆಯ ಎಕೋ ಪರೀಕ್ಷೆಯಲ್ಲಿ ಎಲ್ಲವೂ ಬಯಲಾಯಿತು. 4ರಿಂದ 6 ಚದರ ಸೆಂಟಿಮೀಟರ್ ಇರಬೇಕಾದ ಮೈಟ್ರಲ್ ಕವಾಟದ ದ್ವಾರ 0.9ಕ್ಕೆ ಇಳಿದಿತ್ತು. ರಕ್ತ ಮುಂದೆ ಹೋಗಲಾಗದೆ ಎಡ ಹೃತ್ಕರ್ಣ, ಅಂದರೆ ಹೃದಯದ ಎಡಬದಿಯ ಮೇಲಿನ ಕೋಣೆ, ಉಬ್ಬಿ, ಲಯ ತಪ್ಪಿ ಅದುರುತ್ತಿತ್ತು. ಅದರ ಮೂಲೆಯಲ್ಲಿ ಇನ್ನೊಂದು ಹೆಪ್ಪು ಕುಳಿತಿತ್ತು. ಮಿದುಳಿಗೆ ಹೋದದ್ದು ಅದರ ಚೂರೇ. ಪಾವಗಡದ ಕಡೆಯ ಹಳ್ಳಿಯಲ್ಲಿ ಬೆಳೆದ ಆಕೆಗೆ ಹನ್ನೊಂದು ವರ್ಷವಿದ್ದಾಗ ಗಂಟಲು ನೋವು ಬಂದು, ಅದರ ಹಿಂದೆಯೇ ಮಂಡಿ, ಪಾದದ ಕೀಲು, ಮೊಣಕೈ ಒಂದಾದ ಮೇಲೊಂದು ಊದಿಕೊಂಡಿದ್ದವಂತೆ. ಅಜ್ಜಿ ಹರಳೆಣ್ಣೆ ಹಚ್ಚಿ, ಶಾಖ ಕೊಟ್ಟಳು. ತಿಂಗಳಲ್ಲಿ ವಾಸಿಯಾಯಿತು. ಅದು ಗಂಟಲ ಸೋಂಕಿನ ಬೆನ್ನಿಗೆ ಬರುವ ಸಂಧಿವಾತ ಜ್ವರ. ಅದು ಕೀಲನ್ನು ನೆಕ್ಕುತ್ತದೆ, ಹೃದಯವನ್ನು ಕಚ್ಚುತ್ತದೆ ಎಂಬುದು ವೈದ್ಯಶಾಸ್ತ್ರದ ಹಳೆಯ ಮಾತು. ಕಚ್ಚಿದ ಗುರುತು ಹದಿನೆಂಟು ವರ್ಷದ ನಂತರ ಮಿದುಳಿನಲ್ಲಿ ಕಾಣಿಸಿಕೊಂಡಿತು.

ಚಿಕಿತ್ಸೆಯನ್ನು ಬೇಗ ಹೇಳಿ ಮುಗಿಸುತ್ತೇನೆ, ಏಕೆಂದರೆ ಅದು ಚೆನ್ನಾಗಿಯೇ ನಡೆಯಿತು. ಮಿದುಳಿನಲ್ಲಿ ರಕ್ತಸ್ರಾವವಿಲ್ಲ ಎಂದು ಮತ್ತೆ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಂಡು, ಹತ್ತನೆಯ ದಿನದ ಹೊತ್ತಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಆರಂಭಿಸಿದರು. ಹೃತ್ಕರ್ಣದ ಹೆಪ್ಪು ಕರಗಿದ ಮೇಲೆ, 2018ರ ಮಾರ್ಚಿನಲ್ಲಿ, ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತೊಡೆಯ ರಕ್ತನಾಳದ ಮೂಲಕ ಬಲೂನು ಕಳುಹಿಸಿ ಕವಾಟವನ್ನು ಅಗಲಿಸಿದರು. ಎದೆ ಕೊಯ್ಯಲಿಲ್ಲ. ದ್ವಾರ 1.7ಕ್ಕೆ ಏರಿತು. ಏದುಸಿರು ನಿಂತಿತು. ಹೃದಯದ ಲಯ ಮಾತ್ರ ಸರಿಹೋಗಲಿಲ್ಲ, ಹಾಗಾಗಿ ಮಾತ್ರೆ ಜೀವನಪೂರ್ತಿ. ಸಂಧಿವಾತ ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದೂ ಸೇರಿಕೊಂಡಿತು.

ಆ ಹೊತ್ತಿಗೆ ಆಕೆಯ ಕಡತದಲ್ಲಿ ಒಂದು ಅಂಕಿ ಬರೆದಿತ್ತು: ಪರಿಷ್ಕೃತ ರ‍್ಯಾಂಕಿನ್ ಮಾಪನ 2. ಸೊನ್ನೆ ಎಂದರೆ ಯಾವ ತೊಂದರೆಯೂ ಇಲ್ಲ, ಆರು ಎಂದರೆ ಸಾವು. ಎರಡು ಎಂದರೆ, ಮೊದಲು ಮಾಡುತ್ತಿದ್ದ ಎಲ್ಲ ಕೆಲಸವನ್ನೂ ಮಾಡಲಾಗದು, ಆದರೆ ತನ್ನ ಪಾಡನ್ನು ತಾನೇ ನೋಡಿಕೊಳ್ಳಬಲ್ಲರು. ಪಾರ್ಶ್ವವಾಯುವಿನ ದೊಡ್ಡ ದೊಡ್ಡ ಪ್ರಯೋಗಗಳಲ್ಲಿ ಎರಡರವರೆಗಿನ ಅಂಕಿಯನ್ನು ಒಳ್ಳೆಯ ಫಲಿತಾಂಶದ ಖಾನೆಗೆ ಸೇರಿಸುತ್ತಾರೆ. ಎಪ್ಪತ್ತರ ನಿವೃತ್ತರಿಗೆ ಅದು ಒಳ್ಳೆಯದೇ ಇರಬಹುದು. ದುಡಿದು ತಿನ್ನುವ ವಯಸ್ಸಿನವರ ವಿಷಯದಲ್ಲಿ ಈ ವಿಂಗಡಣೆಯನ್ನು ನಾನು ಒಪ್ಪುವುದಿಲ್ಲ. ಅಳತೆಗೋಲು ಕೇಳದ ಪ್ರಶ್ನೆ ಒಂದಿದೆ: ಈ ಕೈ ಯಾವ ಕೆಲಸ ಮಾಡುತ್ತಿತ್ತು?

ಹೊಲಿಗೆ ಯಂತ್ರದ ಮುಂದೆ ಕುಳಿತವರ ಎಡಗೈಯನ್ನು ಗಮನಿಸಿ ನೋಡಿ. ಬಟ್ಟೆಯನ್ನು ಸೂಜಿಯ ಕಡೆಗೆ ನಡೆಸುವುದು, ಎರಡು ಪದರಗಳು ಜಾರದಂತೆ ಬೆರಳ ತುದಿಯಲ್ಲೇ ಅಳೆಯುವುದು ಆ ಕೈ. ಕಣ್ಣು ಮುಂದಿನ ತುಂಡಿನ ಮೇಲಿದ್ದರೂ ಬೆರಳಿಗೆ ಅಂಚು ತಿಳಿಯುತ್ತದೆ. ಆಕೆಯ ಎಡಗೈಗೆ ಬಲವಿತ್ತು, ಅರಿವಿರಲಿಲ್ಲ. ಕಣ್ಣು ಮುಚ್ಚಿಸಿ ಅಂಗೈಯಲ್ಲಿ ಐದು ರೂಪಾಯಿಯ ನಾಣ್ಯ ಇಟ್ಟರೆ "ಏನೋ ಇದೆ" ಎನ್ನುತ್ತಿದ್ದಳು. ಬೀಗದ ಕೈ ಇಟ್ಟರೂ ಅದೇ ಉತ್ತರ.

2018ರ ಜೂನಿನಲ್ಲಿ ಕೆಲಸಕ್ಕೆ ಮರಳಿದಳು. ಕಾಲರ್ ಹೊಲಿಯುವ ಅದೇ ಯಂತ್ರ, ಗಂಟೆಗೆ ಇಷ್ಟು ಎಂಬ ಅದೇ ಟಾರ್ಗೆಟ್. ಎರಡನೆಯ ವಾರ ಬಿಳಿ ಕಾಲರಿನ ಮೇಲೆ ಕೆಂಪು ಹರಡಿದ್ದನ್ನು ಕಂಡು, ಬಣ್ಣ ಎಲ್ಲಿಂದ ಬಂತು ಎಂದು ಬಟ್ಟೆಯನ್ನು ತಿರುಗಿಸಿ ಹುಡುಕಿದಳಂತೆ. ಸೂಜಿ ಎಡ ತೋರುಬೆರಳಿನ ಉಗುರಿನ ಮೂಲಕ ಇಳಿದಿತ್ತು. ಹೆಪ್ಪು ತಡೆಯುವ ಮಾತ್ರೆ ಬೇರೆ, ರಕ್ತ ನಿಲ್ಲಲು ಅರ್ಧ ಗಂಟೆ ಹಿಡಿಯಿತು. ಮುಂದಿನ ತಿಂಗಳು ಇನ್ನೊಮ್ಮೆ. ಆಮೇಲೆ ದಾರ ಕತ್ತರಿಸುವ ಹೆಲ್ಪರ್ ಕೆಲಸ ಕೊಟ್ಟರು, ಕೂಲಿ ಕಡಿಮೆ. ಮೇಲ್ವಿಚಾರಕಿ ಒಳ್ಳೆಯ ಮನಸ್ಸಿನಿಂದಲೇ ಚೆಕಿಂಗ್ ಟೇಬಲಿಗೆ ಬದಲಾಯಿಸಿದಳು. ಅಲ್ಲಿ ಆಕೆ ತಪಾಸಣೆ ಮಾಡಿ ಕಳುಹಿಸಿದ ಅಂಗಿಗಳು ಹಿಂದಿರುಗತೊಡಗಿದವು. ದೋಷಗಳೆಲ್ಲ ಅಂಗಿಯ ಒಂದೇ ಬದಿಯಲ್ಲಿ, ಆಕೆಯ ಎಡಕ್ಕೆ. ಡಿಸೆಂಬರಿನಲ್ಲಿ ಕೆಲಸ ಬಿಟ್ಟಳು. ಯಾರೂ ತೆಗೆದುಹಾಕಲಿಲ್ಲ, ತಾನೇ ರಾಜೀನಾಮೆ ಬರೆದುಕೊಟ್ಟಳು. ಇಂಥ ಕೆಲಸಗಳು ಹೋಗುವುದು ಹೆಚ್ಚಾಗಿ ಹೀಗೆಯೇ, ಯಾವ ದಾಖಲೆಯಲ್ಲೂ ಪಾರ್ಶ್ವವಾಯುವಿನ ಹೆಸರಿಲ್ಲದೆ.

ಕಾನೂನಿನ ಆಸರೆ ಎಲ್ಲಿಯವರೆಗೆ ಬಂತು ಎಂಬುದನ್ನೂ ಬರೆಯಬೇಕು. ಕಾರ್ಮಿಕರ ವಿಮೆಯಾದ ಇ.ಎಸ್.ಐ. ಇದ್ದುದರಿಂದ ಮೊದಲ 91 ದಿನ ಕೂಲಿಯ ಶೇ. 70 ಸಿಕ್ಕಿತು. ಅದು ಮುಗಿದ ಮೇಲೆ, 34 ದೀರ್ಘಕಾಲದ ಕಾಯಿಲೆಗಳಿಗೆ ಎರಡು ವರ್ಷದವರೆಗೆ ಶೇ. 80 ಕೊಡುವ ವಿಸ್ತರಿತ ಸೌಲಭ್ಯವಿದೆ. ಬಹಳ ಕಾರ್ಮಿಕರಿಗೆ ಇದು ಗೊತ್ತೇ ಇಲ್ಲ. ಅರ್ಧಾಂಗವಾಯು, ಅಂದರೆ ಮೈಯ ಒಂದು ಪಕ್ಕ ಬಲ ಕಳೆದುಕೊಳ್ಳುವುದು, ಆ ಪಟ್ಟಿಯಲ್ಲಿದೆ, ಆದರೆ ಎರಡೂ ಕೈ ಎತ್ತುವವಳನ್ನು ಅರ್ಧಾಂಗವಾಯು ಎಂದು ಬರೆಯಲು ಯಾರೂ ಸಿದ್ಧರಿರಲಿಲ್ಲ. ಕೊನೆಗೆ ಅದೇ ಪಟ್ಟಿಯಲ್ಲಿರುವ ಹೃದಯ ಕವಾಟದ ಕಾಯಿಲೆಯ ತೊಡಕು ಎಂಬ ಬಾಗಿಲಿನಿಂದ ಸೌಲಭ್ಯ ಸಿಕ್ಕಿತು. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 20ನೆಯ ಕಲಮು, ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದವರನ್ನು ಕೆಲಸದಿಂದ ತೆಗೆಯಬಾರದು, ಸರಿಹೊಂದದಿದ್ದರೆ ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು ಎನ್ನುತ್ತದೆ. ಆ ರಕ್ಷಣೆ ಸರ್ಕಾರಿ ಸಂಸ್ಥೆಗಳ ನೌಕರರಿಗೆ ಮಾತ್ರ. ಕೆಲಸ ಹೋದ ಮೇಲೆ ಕಾಲಕ್ರಮದಲ್ಲಿ ಇ.ಎಸ್.ಐ. ಚಿಕಿತ್ಸೆಯೂ ಹೋಯಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ ಆಸ್ಪತ್ರೆಗೆ ಸೇರಿದರೆ ಕೈಹಿಡಿಯುತ್ತದೆ. ಪ್ರತಿ ತಿಂಗಳ ರಕ್ತಪರೀಕ್ಷೆ, ಮಾತ್ರೆ, ಬಸ್ ಚಾರ್ಜು, ಒಂದು ದಿನದ ದುಡಿಮೆ ರೋಗಿಯ ಲೆಕ್ಕಕ್ಕೇ ಬೀಳುತ್ತವೆ.

ಕೆಲಸ ಬಿಟ್ಟ ವಾರ ಆಕೆ ಬಂದು ಎದುರಿಗೆ ಕುಳಿತು ಕೇಳಿದಳು: "ನಾನು ಇನ್ನು ಎಷ್ಟು ವರ್ಷ ಇರುತ್ತೇನೆ? ಮಗನಿಗೆ ಏಳು ವರ್ಷ."

ಇದಕ್ಕೆ ಪ್ರಾಮಾಣಿಕ ಉತ್ತರ ಕೊಡಬೇಕೆಂದರೆ ಹಿಡಿದುಕೊಳ್ಳಲು ಇರುವ ಗಟ್ಟಿ ಆಧಾರಗಳಲ್ಲಿ ಒಂದು ನೆದರ್‌ಲ್ಯಾಂಡ್ಸಿನ ನೈಮೇಗನ್ ನಗರದ ಅಧ್ಯಯನ. 1980ರಿಂದ 2010ರವರೆಗೆ ಅಲ್ಲಿನ ಆಸ್ಪತ್ರೆಗೆ ಸೇರಿದ, 18ರಿಂದ 50 ವಯಸ್ಸಿನ ಪಾರ್ಶ್ವವಾಯು ರೋಗಿಗಳನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿದರು. ಹೆಪ್ಪಿನಿಂದ ಪಾರ್ಶ್ವವಾಯುವಾಗಿ ಮೊದಲ ತಿಂಗಳು ದಾಟಿದವರಲ್ಲಿ 20 ವರ್ಷದೊಳಗೆ ತೀರಿಕೊಂಡವರು ಶೇ. 26.8. ಅದೇ ಅವಧಿಯಲ್ಲಿ ಮತ್ತೆ ಪಾರ್ಶ್ವವಾಯುವಾಗುವ ಸಾಧ್ಯತೆ ಶೇ. 19.4. ಸರಾಸರಿ ಒಂಬತ್ತು ವರ್ಷದ ನಂತರವೂ ಮೂವರಲ್ಲಿ ಒಬ್ಬರಿಗೆ ದಿನದ ಬದುಕಿನಲ್ಲಿ ಇನ್ನೊಬ್ಬರ ನೆರವು ಬೇಕಿತ್ತು ಅಥವಾ ಅವರು ಬದುಕಿರಲಿಲ್ಲ. ಮೊದಲ ಅಂಕಿಯನ್ನು ತಿರುಗಿಸಿ ಓದಿದರೆ, ನಾಲ್ವರಲ್ಲಿ ಸುಮಾರು ಮೂವರು ಇಪ್ಪತ್ತು ವರ್ಷ ದಾಟಿದರು. ಆದರೆ ಇಪ್ಪತ್ತು ವರ್ಷ ದಾಟಿದರೆ ಆಕೆಗೆ ನಲವತ್ತೊಂಬತ್ತು ಅಷ್ಟೇ.

ಈ ಅಂಕಿಗಳನ್ನು ಹಾಗೆಯೇ ಎತ್ತಿ ಆಕೆಯ ಮಡಿಲಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ. ಸಂಧಿವಾತದ ಹೃದ್ರೋಗ ಅಂಥ ದೇಶಗಳಲ್ಲಿ ಅಪರೂಪವಾಗಿಹೋಗಿದೆ. ಚಿಕ್ಕವರ ಪಾರ್ಶ್ವವಾಯುವಿನಲ್ಲಿ ಮುಂದಿನ ದಾರಿಯನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಕಾರಣ. ಕತ್ತಿನ ರಕ್ತನಾಳದ ಒಳಪದರ ಹರಿದು ಆದದ್ದಾದರೆ ಮರುಕಳಿಸುವುದು ಕಡಿಮೆ. ಸಕ್ಕರೆ ಕಾಯಿಲೆ, ಧೂಮಪಾನದಿಂದ ನಾಳಗಳೇ ಕೆಟ್ಟಿದ್ದರೆ ದಾರಿ ಕಠಿಣ. ಹೃದಯದಿಂದ ಹೆಪ್ಪು ಹಾರಿ ಬಂದದ್ದಾದರೆ, ಎಲ್ಲವೂ ಆ ಹೃದಯವನ್ನು ಹೇಗೆ ಕಾಯುತ್ತೇವೆ ಎಂಬುದರ ಮೇಲೆ ನಿಂತಿರುತ್ತದೆ. ನಾನು ಆಕೆಗೆ ಹೇಳಿದ್ದು ಇದು: "ಮಗನ ಮದುವೆ ನೋಡುವ ಆಸೆ ಇಟ್ಟುಕೊಳ್ಳಬಹುದು. ಆದರೆ ತಿಂಗಳಿಗೊಮ್ಮೆ ರಕ್ತ ಕೊಟ್ಟು ಐ.ಎನ್.ಆರ್. ಅನ್ನು ಎರಡರಿಂದ ಮೂರರ ನಡುವೆ ಇಟ್ಟುಕೊಂಡರೆ ಮಾತ್ರ." ಐ.ಎನ್.ಆರ್. ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂದು ತೋರಿಸುವ ಅಂಕಿ. ಆಕೆ ಆ ಎರಡು ಅಂಕಿಗಳನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದುಕೊಂಡಳು.

ಹೇಳುವುದು ಸುಲಭ. ಈ ಮಾತ್ರೆ ಕೆಲಸ ಮಾಡುವುದು ವಿಟಮಿನ್ ಕೆ ವಿರುದ್ಧ. ಆ ವಿಟಮಿನ್ ತುಂಬಿರುವುದು ಸೊಪ್ಪಿನಲ್ಲಿ. ಆಸ್ಪತ್ರೆಯಲ್ಲಿ ಯಾರೋ "ಸೊಪ್ಪು ಮುಟ್ಟಬೇಡ" ಎಂದಿದ್ದರು. ಬಸ್ಸಾರು, ಮಸ್ಸೊಪ್ಪು, ಮುದ್ದೆ ತಿಂದು ಬೆಳೆದವಳಿಗೆ ಸೊಪ್ಪು ಬಿಡಿಸಿದರೆ ತಟ್ಟೆಯಲ್ಲಿ ಉಳಿಯುವುದೇನು? ಮೊದಲೇ ರಕ್ತಹೀನತೆ. ಆಕೆ ಎರಡು ತಿಂಗಳು ಬಿಟ್ಟು, ತಡೆಯಲಾರದೆ ಒಂದು ವಾರ ದಿನವೂ ತಿಂದು, ಐ.ಎನ್.ಆರ್. ಏರಿ ಇಳಿದು ಉಯ್ಯಾಲೆಯಾಡಿತು. ಸರಿಯಾದ ಸಲಹೆ ಬೇರೆ: ಸೊಪ್ಪು ತಿನ್ನಿ, ವಾರವಾರವೂ ಹೆಚ್ಚುಕಡಿಮೆ ಅಷ್ಟೇ ತಿನ್ನಿ, ಮಾತ್ರೆಯ ಪ್ರಮಾಣವನ್ನು ನಾವು ಅದಕ್ಕೆ ಹೊಂದಿಸುತ್ತೇವೆ. ಮಂಗಳವಾರ, ಶುಕ್ರವಾರ ಸೊಪ್ಪಿನ ಸಾರು ಎಂದು ಗೊತ್ತುಮಾಡಿಕೊಂಡ ಮೇಲೆ ಅಂಕಿ ನೆಲೆನಿಂತಿತು.

ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳಿವೆಯಂತಲ್ಲ ಎಂದು ಆಕೆಯ ತಮ್ಮ ಕೇಳಿದ್ದ. ಸಾಮಾನ್ಯ ಏಟ್ರಿಯಲ್ ಫಿಬ್ರಿಲೇಷನ್‌ಗೆ, ಅಂದರೆ ಹೃತ್ಕರ್ಣ ಲಯ ತಪ್ಪಿ ಅದುರುವುದಕ್ಕೆ, ಅವು ಒಳ್ಳೆಯವು. ಅಂಥದೊಂದು ಮಾತ್ರೆ ರಿವರೊಕ್ಸಬಾನ್. ಸಂಧಿವಾತದ ಕವಾಟವಿದ್ದವರಲ್ಲಿ ಅದನ್ನು ಹಳೆಯ ಮಾತ್ರೆಯೊಂದಿಗೆ ಹೋಲಿಸಿದ ಇನ್ವಿಕ್ಟಸ್ ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಸುಮಾರು 4,500 ರೋಗಿಗಳು, ಬಹುತೇಕ ನಮ್ಮಂಥ ದೇಶಗಳವರು. ಹಳೆಯ ಮಾತ್ರೆ ತೆಗೆದುಕೊಂಡವರಲ್ಲಿ ಸಾವು ಕಡಿಮೆ. ಆಕೆಯಂಥವರಿಗೆ ರಕ್ತಪರೀಕ್ಷೆಯ ಕಷ್ಟ ತಪ್ಪುವುದಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಕೇಳಿರಲಿಲ್ಲ. ನಾನೂ ಒಂದೂವರೆ ವರ್ಷ ಕೇಳಲಿಲ್ಲ, ಆಕೆಯೂ ಸಂಕೋಚದಿಂದ ಹೇಳಲಿಲ್ಲ. ಹೆಪ್ಪು ತಡೆಯುವ ಮಾತ್ರೆ ಶುರುವಾದಂದಿನಿಂದ ಮುಟ್ಟು ಒಂಬತ್ತು ಹತ್ತು ದಿನ ಹರಿಯುತ್ತಿತ್ತು. ಹಿಮೋಗ್ಲೋಬಿನ್ 7.4ಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಭಯಪಟ್ಟು ತಾನೇ ಮಾತ್ರೆ ನಿಲ್ಲಿಸುತ್ತಿದ್ದಳು. ನಾವು ಐ.ಎನ್.ಆರ್. ಯಾಕೆ ಬೀಳುತ್ತಿದೆ ಎಂದು ಸೊಪ್ಪನ್ನು ದೂರುತ್ತಿದ್ದೆವು. ಈಸ್ಟ್ರೊಜನ್ ಇರುವ ಗುಳಿಗೆಗಳು ಹೆಪ್ಪುಗಟ್ಟಿಸುವುದರಿಂದ ಇಂಥವರಿಗೆ ಸಲ್ಲದು. ಲೆವೊನಾರ್ಜೆಸ್ಟ್ರೆಲ್ ಹಾರ್ಮೋನು ಬಿಡುವ ಸಾಧನವನ್ನು ಗರ್ಭಕೋಶದಲ್ಲಿ ಅಳವಡಿಸಿದ ಮೇಲೆ ಸ್ರಾವ ಹಿಡಿತಕ್ಕೆ ಬಂತು. ಎರಡನೆಯ ಮಗುವಿನ ಆಸೆಯನ್ನೂ ಆಕೆ ಅಂದು ಬಾಯಿಬಿಟ್ಟು ಹೇಳಿದಳು. ಗರ್ಭದ ಮೊದಲ ತಿಂಗಳುಗಳಲ್ಲಿ ಈ ಮಾತ್ರೆ ಶಿಶುವಿಗೆ ಹಾನಿ ಮಾಡಬಲ್ಲದು, ಬಿಟ್ಟರೆ ತಾಯಿಗೆ ಅಪಾಯ, ನಡುವೆ ಚುಚ್ಚುಮದ್ದಿನ ದಾರಿ ಇದೆ ಆದರೆ ಕಷ್ಟದ್ದು. ಹೃದ್ರೋಗ ತಜ್ಞರೊಂದಿಗೆ ಎರಡು ಸಲ ಕುಳಿತು ಮಾತಾಡಿ, ಗಂಡ ಹೆಂಡತಿ ಬೇಡವೆಂದು ತೀರ್ಮಾನಿಸಿದರು. ಅಂದು ಆಕೆ ಅತ್ತಷ್ಟು ಪಾರ್ಶ್ವವಾಯುವಾದ ದಿನವೂ ಅತ್ತಿರಲಿಲ್ಲ.

2019ರ ಅಕ್ಟೋಬರಿನಲ್ಲಿ ಎಡಗೈ ಬೆರಳುಗಳು ತಾವಾಗಿಯೇ ಅದುರತೊಡಗಿ, ಅದುರು ಭುಜಕ್ಕೆ ಏರಿ, ಪ್ರಜ್ಞೆ ತಪ್ಪಿತು. ಅಕ್ಕಪಕ್ಕದವರು ಕೈಗೆ ಬೀಗದ ಕೈ ಹಿಡಿಸಿದರು. ಮತ್ತೆ ಲಕ್ವ ಹೊಡೆಯಿತೆಂದು ಎಲ್ಲರೂ ನಂಬಿದರು. ಆದರೆ ಅದು ಹಳೆಯ ಗಾಯದ ಕಲೆಯಿಂದ ಹುಟ್ಟಿದ ಮೂರ್ಛೆ. ನೈಮೇಗನ್ನಿನಲ್ಲಿ ನೂರರಲ್ಲಿ ಸುಮಾರು 11 ಜನರಿಗೆ ಇದು ಬಂದಿತ್ತು. ಮೂರ್ಛೆಯ ಮಾತ್ರೆಗಳಾದ ಫೆನಿಟಾಯಿನ್, ಕಾರ್ಬಮಜೆಪಿನ್ ಹೆಪ್ಪು ತಡೆಯುವ ಮಾತ್ರೆಯ ಲೆಕ್ಕವನ್ನು ಕೆಡಿಸುವುದರಿಂದ ಲೆವೆಟಿರಸಿಟಮ್ ಆರಿಸಿದರು. ಇದೇ ಗಾಬರಿಯಲ್ಲಿ ಸಂಬಂಧಿಕರು ಆಕೆಯನ್ನು ನಾಟಿ ಔಷಧಿಗೆ ಕರೆದೊಯ್ದು, ಪಥ್ಯವೆಂದು ಹನ್ನೊಂದು ದಿನ ಎಲ್ಲ ಮಾತ್ರೆ ನಿಲ್ಲಿಸಿದ್ದರು. ಆ ಹನ್ನೊಂದು ದಿನಗಳಲ್ಲಿ ಏನೂ ಆಗದೆ ಉಳಿದದ್ದು ಅದೃಷ್ಟ ಮಾತ್ರ.

ಮನೆಯನ್ನು ಹೆಚ್ಚು ಕಾಡಿದ್ದು ಮೂರ್ಛೆಯಲ್ಲ, ದಣಿವು. ಅಡುಗೆ ಮುಗಿಸುವಷ್ಟರಲ್ಲಿ ಆಕೆಯ ತಲೆ ಭಾರವಾಗಿ ಮಧ್ಯಾಹ್ನವೆಲ್ಲ ಮಲಗಬೇಕಾಗುತ್ತಿತ್ತು. "ನೋಡಲು ಚೆನ್ನಾಗಿಯೇ ಇದ್ದಾಳೆ, ಕೆಲಸಕ್ಕೆ ಮಾತ್ರ ಆಗದು" ಎಂದು ಅತ್ತೆ ಅನ್ನುತ್ತಿದ್ದರು. ಅದೇ ಡಚ್ ಅಧ್ಯಯನದಲ್ಲಿ ವರ್ಷಗಳ ನಂತರವೂ ಶೇ. 41 ಮಂದಿಗೆ ಇಂಥ ದಣಿವಿತ್ತು. ಆರೋಗ್ಯವಂತರ ಗುಂಪಿನಲ್ಲಿ ಶೇ. 18. ನಾನು ಆ ಎರಡು ಅಂಕಿಗಳನ್ನು ಚೀಟಿಯಲ್ಲಿ ಬರೆದು, ಅತ್ತೆಯನ್ನೇ ಕ್ಲಿನಿಕ್ಕಿಗೆ ಕರೆಸಿ ವಿವರಿಸಿದೆ. ನಾನು ಕೊಟ್ಟ ಔಷಧಿಗಳಲ್ಲಿ ಅದೂ ಒಂದು ಎಂದು ಎಣಿಸುತ್ತೇನೆ, ಏಕೆಂದರೆ ಅತ್ತೆ ಮರುದಿನದಿಂದ ಸಂಜೆಯ ಅಡುಗೆಯನ್ನು ತಾವು ಹಿಡಿದರು.

ಎಡದ ಜಗತ್ತು ಮೆಲ್ಲಮೆಲ್ಲನೆ ಮರಳಿತು. ಮೊದಲ ಯುಗಾದಿಯಂದು ಆಕೆ ಹಾಕಿದ ಚುಕ್ಕಿ ರಂಗೋಲಿಯಲ್ಲಿ ಎಡಬದಿಯ ಚುಕ್ಕಿಗಳಿಗೆ ಗೆರೆಯೇ ಬಿದ್ದಿರಲಿಲ್ಲ. ಮೂರನೆಯ ಯುಗಾದಿಗೆ ಹೂವು ಪೂರ್ತಿಯಾಗಿತ್ತು. ಥೆರಪಿಸ್ಟ್ ಕಲಿಸಿದ ಉಪಾಯವೊಂದು ತುಂಬ ಕೆಲಸಕ್ಕೆ ಬಂತು: ನೋಡಬೇಕಾದ ವಸ್ತುವಿನ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಆ ಕೆಂಪು ಕಾಣುವವರೆಗೆ ಕಣ್ಣನ್ನು ಎಡಕ್ಕೆ ಎಳೆಯುವುದು. ಬೆರಳಿನ ಅರಿವು ಮಾತ್ರ ಅರ್ಧಕ್ಕಿಂತ ಹೆಚ್ಚು ಮರಳಲಿಲ್ಲ.

2022ರಿಂದ ಮನೆಯಲ್ಲಿಯೇ ಬೀದಿಯ ಹುಡುಗಿಯರಿಗೆ ಹೊಲಿಗೆ ಹೇಳಿಕೊಡುತ್ತಾಳೆ. ಎರಡು ಹಳೆಯ ಯಂತ್ರ, ಎರಡರ ಎಡಬದಿಗೂ ಕೆಂಪು ಟೇಪು. ತಾನು ಸೂಜಿಯ ಹತ್ತಿರ ಕೈ ಇಡುವುದಿಲ್ಲ, ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳುತ್ತಾಳೆ. ಸಂಪಾದನೆ ಮೊದಲಿನ ಅರ್ಧದಷ್ಟೂ ಇಲ್ಲ. ಕೊನೆಯ ಸಲ ಮೂರ್ಛೆ ಬಂದು ಮೂರು ವರ್ಷ ದಾಟಿದೆ. ಐ.ಎನ್.ಆರ್. ಹತ್ತರಲ್ಲಿ ಏಳು ಸಲ ಗೆರೆಯೊಳಗಿರುತ್ತದೆ. ಅದರಲ್ಲಿ ವೈದ್ಯರದ್ದಲ್ಲದ ಪಾಲೂ ಇದೆ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ನೆಪಕ್ಕೆ ಪರೀಕ್ಷೆ ತಪ್ಪಿಸುವುದು ನಿಂತಿತು. 2025ರ ಆಗಸ್ಟಿನಿಂದ ಮೆಟ್ರೊದ ಹಳದಿ ಮಾರ್ಗ ಓಡುತ್ತಿದೆ. ಹೊಂಗಸಂದ್ರದಲ್ಲಿ ಹತ್ತಿದರೆ ನಾಲ್ಕನೆಯ ನಿಲ್ದಾಣ ಜಯದೇವ ಆಸ್ಪತ್ರೆ. ಸಿಲ್ಕ್ ಬೋರ್ಡಿನ ವಾಹನಗಳ ನಡುವೆ ಅರ್ಧ ದಿನ ಕಳೆದುಕೊಳ್ಳುತ್ತಿದ್ದವಳು ಈಗ ಹುಡುಗಿಯರು ಬರುವಷ್ಟರಲ್ಲಿ ಮನೆ ಸೇರುತ್ತಾಳೆ.

ಕಳೆದ ತಿಂಗಳು ಮಗನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆ ಈಗ ಹದಿನಾಲ್ಕು. ಎರಡು ದಿನದಿಂದ ಗಂಟಲು ನೋವು, ಜ್ವರ. ನೆಗಡಿ ಕೆಮ್ಮು ಇರಲಿಲ್ಲ, ಕತ್ತಿನ ಗ್ರಂಥಿಗಳು ಊದಿದ್ದವು. "ಕೀಲು ನೋವು ಇದೆಯಾ ಎಂದು ದಿನವೂ ಕೇಳುತ್ತಿದ್ದೇನೆ" ಎಂದಳು. ಪೆನಿಸಿಲಿನ್ ಬರೆದೆ, ಹತ್ತು ದಿನ, ಜ್ವರ ಬಿಟ್ಟರೂ ನಿಲ್ಲಿಸಬಾರದು ಎಂದೆ. ಆಮೇಲೆ ಹುಡುಗನಿಗೆ ಅಂಗಿ ಬಿಚ್ಚಿ ಎಡಮಗ್ಗುಲಿಗೆ ಮಲಗಲು ಹೇಳಿದೆ. ಹೊರಗೆ ಹನ್ನೆರಡು ಜನ ಕಾಯುತ್ತಿದ್ದರು. ಫ್ಯಾನು ನಿಲ್ಲಿಸಿ, ಸ್ಟೆತಸ್ಕೋಪನ್ನು ಹಗುರವಾಗಿ ಇಟ್ಟು ಒಂದು ನಿಮಿಷ ಕೇಳಿದೆ. ಎರಡು ಶುದ್ಧ ಸದ್ದುಗಳಷ್ಟೇ ಇದ್ದವು. ಆಕೆ ಮಂಚದ ಎಡಕ್ಕೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು.